ಹಳೆ ಕಾರಿಗೆ ಓಡಾಟವೇ ಮದ್ದು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರದ ಓದುಗರ ಪತ್ರಗಳಲ್ಲಿ ಡೊಂಬಿವಲಿಯ ಒಬ್ಬರು ಹಳೆಯ ಕಾರುಗಳ ಬಗ್ಗೆ ಬರೆದಿದ್ದರು. ಅವು ಕರಿಹೊಗೆ ಬಿಡುತ್ತವೆ, ಇಪ್ಪತ್ತು ವರ್ಷ ದಾಟಿದ ಗಾಡಿಗಳನ್ನೆಲ್ಲ ಗುಜರಿಗೆ ಹಾಕಿಸಬೇಕು, ಶೋಕಿಗೆ ಇಟ್ಟುಕೊಂಡವರು ಬೇಕಿದ್ದರೆ ಮನೆಯೊಳಗೆ ನಿಲ್ಲಿಸಿಕೊಳ್ಳಲಿ, ರಸ್ತೆಗೆ ತರುವುದು ಬೇಡ ಎಂದಿದ್ದರು. ಅವರ ಸಿಟ್ಟು ಸುಳ್ಳಲ್ಲ. ಚೆಂಬೂರಿನ ನಮ್ಮ ಗಲ್ಲಿಯಲ್ಲೂ ಮೂರು ಕಾರುಗಳು ಗಾಳಿ ಹೋದ ಚಕ್ರದ ಮೇಲೆ ಕೂತಿವೆ. ಒಂದರ ಒಳಗೆ ಬೆಕ್ಕು ಮರಿ ಹಾಕಿದೆ. ಮಳೆಗಾಲ ಬಂದರೆ ಸೊಳ್ಳೆಗಳ ಸಂತೆ. ಅವನ್ನು ಎತ್ತಿಸುವುದಾದರೆ ನಾನೂ ಕೈ ಜೋಡಿಸುತ್ತೇನೆ.

ಆದರೆ ‘ನಿಲ್ಲಿಸಿಕೊಳ್ಳಲಿ’ ಎಂಬ ಆ ಒಂದು ಮಾತು ಎರಡು ದಿನ ನನ್ನ ತಲೆಯಿಂದ ಹೋಗಲಿಲ್ಲ. ಯಾಕೆಂದರೆ ನನ್ನ ಹತ್ತಿರ 1972ರ ಒಂದು ಕಾರಿದೆ. ಅದು ಹತ್ತೊಂಬತ್ತು ವರ್ಷ ನಿಂತೇ ಇತ್ತು. ಇಪ್ಪತ್ತೈದು ವರ್ಷ ಓಡಿದಾಗ ಆಗದ ಹಾನಿ ಈ ಹತ್ತೊಂಬತ್ತು ವರ್ಷ ನಿಂತದ್ದರಿಂದ ಆಯಿತು. ಅದನ್ನು ಸರಿ ಮಾಡಲು ನನಗೆ ಐದು ವರ್ಷ ಬೇಕಾಯಿತು. ಹಾಗಾಗಿ ಈ ವಿಷಯದಲ್ಲಿ ಕೇಳಿದ್ದನ್ನಲ್ಲ, ಕೈಯಾರೆ ಬಿಚ್ಚಿ ನೋಡಿದ್ದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೆ ಮನ್ನಿಸಿ.

ಕಾರು ಡಾಟ್ಸನ್ 240ಝಡ್. ನಿಸಾನ್ ಕಂಪನಿಯದು. ಜಪಾನಿನಲ್ಲಿ ಇದಕ್ಕೆ ಫೇರ್‌ಲೇಡಿ ಝಡ್ ಎಂದು ಹೆಸರು. 1969ರ ಕೊನೆಯಲ್ಲಿ ಬಂತು. ಎರಡೇ ಸೀಟು, ಉದ್ದ ಮೂತಿ, ಹಿಂದೆ ಮೇಲಕ್ಕೆ ತೆರೆಯುವ ಬಾಗಿಲು. ಸಾಲಾಗಿ ಆರು ಸಿಲಿಂಡರ್, 2,393 ಸಿಸಿ, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಎರಡು ಕಾರ್ಬೊರೇಟರ್. ಇಡೀ ಕಾರಿನ ತೂಕ ಒಂದು ಟನ್ನಿನ ಆಸುಪಾಸು. ಅಮೆರಿಕದಲ್ಲಿ ಇದನ್ನು 3,526 ಡಾಲರಿಗೆ ಮಾರಲು ಶುರು ಮಾಡಿದಾಗ ಜನ ಸರದಿ ನಿಂತು ಕೊಂಡರಂತೆ. ಅಲ್ಲಿಯವರೆಗೆ ಸ್ಪೋರ್ಟ್ಸ್ ಕಾರು ಎಂದರೆ ಯುರೋಪಿನದೇ ಆಗಬೇಕು ಎಂಬ ನಂಬಿಕೆ ಇತ್ತು. ಜಪಾನಿನವರು ಅದನ್ನು ಮಾಡಬಲ್ಲರು, ಅದೂ ಮಧ್ಯಮ ವರ್ಗದವರ ಕೈಗೆಟಕುವ ಬೆಲೆಗೆ ಮಾಡಬಲ್ಲರು ಎಂದು ತೋರಿಸಿದ ಕಾರು ಇದು.

ಇದು ಮುಂಬಯಿಗೆ ಬಂದದ್ದು ನನ್ನ ಸೋದರಮಾವನಿಂದ. ಮಾವ ಹತ್ತೊಂಬತ್ತನೇ ವಯಸ್ಸಿಗೆ ಉಡುಪಿ ಬಳಿಯ ಕಾಪು ಬಿಟ್ಟು ಮೊದಲು ಮುಂಬಯಿ, ಆಮೇಲೆ ಹಡಗು ಹತ್ತಿ ನೈರೋಬಿ ಸೇರಿದವರು. ಅಲ್ಲಿ ಒಂದು ವರ್ಕ್‌ಶಾಪಿನಲ್ಲಿ ಹೆಲ್ಪರ್ ಆಗಿ ಸೇರಿ ಫೋರ್‌ಮನ್ ಆದರು. 1972ರಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿಂದ ನಮ್ಮ ಭಾರತೀಯರನ್ನು ಓಡಿಸಿದಾಗ ಪಕ್ಕದ ಕೀನ್ಯಾದಲ್ಲಿದ್ದ ನಮ್ಮವರಿಗೂ ನಿದ್ದೆ ಇರಲಿಲ್ಲ ಎಂದು ಮಾವ ಹೇಳುತ್ತಿದ್ದರು. ಅದರ ಮರುವರ್ಷವೇ ಈಸ್ಟರ್ ಹೊತ್ತಿಗೆ ಪೂರ್ವ ಆಫ್ರಿಕಾದ ಕಾರು ಸ್ಪರ್ಧೆ ಸಫಾರಿ ರ‍್ಯಾಲಿ ನಡೆಯಿತು. ಕೆಸರು, ಧೂಳು, ಹಳ್ಳಕೊಳ್ಳಗಳ ಸಾವಿರಾರು ಮೈಲಿ ದಾರಿ. ಗೆದ್ದವರು ಶೇಖರ್ ಮೆಹ್ತಾ. ಉಗಾಂಡದಲ್ಲಿ ಹುಟ್ಟಿದ ಭಾರತೀಯ ಮೂಲದವರು. ಗೆದ್ದ ಕಾರು ಇದೇ 240ಝಡ್. ಎರಡನೆಯವರಿಗೂ ಸಮ ಅಂಕ ಬಂದಿತ್ತು. ಅವರದೂ ಡಾಟ್ಸನ್ನೇ. 1971ರಲ್ಲೂ ಇದೇ ಮಾಡೆಲ್ ಗೆದ್ದಿತ್ತು.

ಆ ಸ್ಪರ್ಧೆಯ ರಾತ್ರಿ ರಸ್ತೆ ಬದಿಯಲ್ಲಿ ನಿಂತು ಕಾರು ಹಾದುಹೋದದ್ದನ್ನು ನೋಡಿದೆ ಎಂದು ಮಾವ ಹೇಳುವಾಗ ಅವರ ಮುಖವೇ ಬೇರೆಯಾಗುತ್ತಿತ್ತು. ‘ಬೆಳಕು ಕಾಣುವ ಮೊದಲು ಸದ್ದು ಕೇಳಿತು ಮಾರಾಯ’ ಎನ್ನುತ್ತಿದ್ದರು. ಮರುವರ್ಷ ಅವರು ಸೆಕೆಂಡ್ ಹ್ಯಾಂಡ್ 240ಝಡ್ ಒಂದನ್ನು ಕಂತಿನಲ್ಲಿ ಕೊಂಡರು. 1978ರಲ್ಲಿ ಮುಂಬಯಿಗೆ ಮರಳುವಾಗ ಮೊಂಬಾಸಾದಿಂದ ಹಡಗಿನಲ್ಲಿ ಅದನ್ನೂ ತಂದರು. ಕೀನ್ಯಾದಲ್ಲೂ ಸ್ಟಿಯರಿಂಗ್ ಬಲಗಡೆ. ಹಾಗಾಗಿ ಇಲ್ಲಿ ಓಡಿಸಲು ತೊಂದರೆ ಇರಲಿಲ್ಲ. ಹಳೆಯ ಮೂರಕ್ಷರದ ಮುಂಬಯಿ ನಂಬರು ಸಿಕ್ಕಿತು. ಇಂದಿಗೂ ಅದೇ ನಂಬರು.

1997ರಲ್ಲಿ ಮಾವನ ಕಣ್ಣು ಮಂಜಾಯಿತು. ಕಾರನ್ನು ಮನೆಯ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿ ಮೇಲೆ ತಾಡಪತ್ರಿ ಹೊದೆಸಿದರು. ಎರಡು ವರ್ಷದಲ್ಲಿ ಅವರೂ ಹೋದರು. ಅತ್ತೆ ಯಾರು ಕೇಳಿದರೂ ಕೊಡಲಿಲ್ಲ. ನಾನು 2016ರಲ್ಲಿ ಭಾಂಡುಪಿನ ಕಾರ್ಖಾನೆಯ ಟೂಲ್ ರೂಮಿನಿಂದ ನಿವೃತ್ತನಾದ ವಾರ ಅತ್ತೆ ನನ್ನನ್ನು ಕರೆದು ಕೀ ಕೊಟ್ಟರು. ಜೊತೆಗೆ ಮಾವನ ಒಂದು ನೋಟ್‌ಬುಕ್ಕು. ಅದರ ಮೊದಲ ಪುಟದಲ್ಲಿ ಮಾವನ ದುಂಡಗಿನ ಕನ್ನಡ ಅಕ್ಷರದಲ್ಲಿ ‘1-5-3-6-2-4’ ಎಂದಿತ್ತು. ಆರು ಸಿಲಿಂಡರು ಉರಿಯುವ ಕ್ರಮ ಅದು. ಕೆಳಗೆ ‘ವಾಲ್ವು ಬಿಸಿ ಇರುವಾಗ: ಒಳಗೆ 10, ಹೊರಗೆ 12’ ಎಂದಿತ್ತು. ವಾಲ್ವಿನ ಸಂದಿನ ಅಳತೆ ಅದು, ಇಂಚಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ. ಈಗಿನ ಲೆಕ್ಕದಲ್ಲಿ 0.25 ಮತ್ತು 0.30 ಮಿಲಿಮೀಟರ್.

ಈಗ, ನಿಂತರೆ ಏನಾಗುತ್ತದೆ ಎಂಬುದಕ್ಕೆ ಬರುತ್ತೇನೆ.

ಕಾರು ನಿಂತಾಗ ಎಂಜಿನ್ನಿನ ಕೆಲವು ಸಿಲಿಂಡರುಗಳ ವಾಲ್ವು ತೆರೆದೇ ಉಳಿದಿರುತ್ತದೆ. ಅದರೊಳಗೆ ಮುಂಬಯಿಯ ಉಪ್ಪುಗಾಳಿ ಹೊಕ್ಕು ಕೂರುತ್ತದೆ. ಪಿಸ್ಟನ್ನಿನ ಉಂಗುರಗಳು ಗೋಡೆಗೆ ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ. ನನ್ನ ಕಾರಿನ ಮೂರನೆಯ ಮತ್ತು ಆರನೆಯ ಸಿಲಿಂಡರಿನಲ್ಲಿ ಹೀಗೇ ಆಗಿತ್ತು. ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಡೀಸೆಲ್ ಮತ್ತು ಗೇರ್ ಆಯಿಲ್ ಬೆರೆಸಿ ಬಿಟ್ಟು ಎಂಟು ದಿನ ಕಾದೆ. ದಿನಕ್ಕೆರಡು ಸಲ ಎಂಜಿನ್ ತಿರುಗಿಸುವ ಕ್ರ್ಯಾಂಕಿನ ನಟ್ಟಿಗೆ ಪಾನಾ (ಸ್ಪ್ಯಾನರ್) ಹಾಕಿ ಮೆಲ್ಲಗೆ ಒತ್ತುತ್ತಿದ್ದೆ. ಜೋರು ಮಾಡಿದರೆ ಉಂಗುರ ಮುರಿಯುತ್ತದೆ. ಒಂಬತ್ತನೆಯ ದಿನ ಬೆಳಗ್ಗೆ ಪಾನಾ ಒಂದು ಬೆರಳಿನಷ್ಟು ಜರುಗಿತು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಏನೂ ಹೇಳಲಿಲ್ಲ. ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿದರು.

ಎಂಜಿನ್ ತಿರುಗಿತು, ಆದರೆ ಬೋರಿನಲ್ಲಿ, ಅಂದರೆ ಸಿಲಿಂಡರಿನ ಒಳಗೋಡೆಯಲ್ಲಿ, ತುಕ್ಕಿನ ಗುಳಿ ಬಿದ್ದಿತ್ತು. ಆ ಗೋಡೆ ಕೊರೆಸಿ, ಅಂದರೆ ಬೋರ್ ಮಾಡಿಸಿ, ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಬೇಕಾಯಿತು. ಸಿಲಿಂಡರ್ ಹೆಡ್ ಅಲ್ಯೂಮಿನಿಯಂ, ಕೆಳಗಿನ ಬ್ಲಾಕು ಬೀಡು ಕಬ್ಬಿಣ. ಇಂಥ ಎಂಜಿನ್ನಿಗೆ ಕೂಲೆಂಟ್ ಬೆರೆಸಿದ ನೀರೇ ಬೇಕು. ಸುಮ್ನೆ ನಲ್ಲಿ ನೀರು ಹಾಕಿ ವರ್ಷಗಟ್ಟಲೆ ನಿಲ್ಲಿಸಿದ್ದರಿಂದ ಹೆಡ್ಡಿನ ನೀರಿನ ದಾರಿಗಳು ಒಳಗಿಂದ ತಿಂದುಹೋಗಿದ್ದವು. ಪೆಟ್ರೋಲ್ ಟ್ಯಾಂಕಿನ ತಳದಲ್ಲಿ ಅಂಟಾದ ಕಂದು ಪಾಕ, ಅದರ ಕೆಳಗೆ ತುಕ್ಕಿನ ಪುಡಿ. ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟಿಕೊಂಡಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹಾಗಾಗಿ ನಾಲ್ಕೂ ಚಕ್ರದ ಬ್ರೇಕು ಒಳಗಿಂದಲೇ ತುಕ್ಕು ಹಿಡಿದು ಸತ್ತಿದ್ದವು. ಇದರಲ್ಲಿ ಒಂದಾದರೂ ಓಡಿಸಿದ್ದರಿಂದ ಆದದ್ದಾ? ಅಲ್ಲ. ತಿಂಗಳಿಗೆ ಎರಡು ಸಲ ಒಂದಿಪ್ಪತ್ತು ಕಿಲೋಮೀಟರ್ ಓಡಿಸಿದ್ದರೆ ಇವೆಲ್ಲ ಬದುಕಿರುತ್ತಿದ್ದವು.

ಬಾಡಿಯದು ಇನ್ನೊಂದು ಕತೆ. ಈ ಮಾಡೆಲಿಗೆ ತುಕ್ಕು ಹುಟ್ಟಿನಿಂದಲೇ ಶತ್ರು. ಆ ಕಾಲದ ತಗಡು ತೆಳು, ಒಳಗೆ ತುಕ್ಕು ತಡೆಯುವ ಲೇಪವೂ ಕಡಿಮೆ. ಬ್ಯಾಟರಿ ಕೂರುವ ತಟ್ಟೆ, ಅದರ ಕೆಳಗಿನ ಫ್ರೇಮಿನ ಪಟ್ಟಿ, ಕಾಲಿಡುವ ಜಾಗದ ತಗಡು, ಹಿಂದಿನ ಚಕ್ರದ ಮುಂದಿನ ಮೂಲೆ, ಹಿಂಬಾಗಿಲಿನ ಕೆಳ ಅಂಚು. ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಈ ಕಾರು ಇಲ್ಲೇ ತುಕ್ಕು ಹಿಡಿಯುವುದು. ನಾನು ಮೊದಲು ಉಪನಗರದ ಒಂದು ಗ್ಯಾರೇಜಿಗೆ ಕೊಟ್ಟೆ. ಮೂರು ತಿಂಗಳಲ್ಲಿ ಕೆಂಪಗೆ ಫಳಫಳ ಹೊಳೆಯುವ ಕಾರು ಬಂತು. ಎರಡನೆಯ ಮಳೆಗಾಲಕ್ಕೆ ಬಾಗಿಲ ಕೆಳಗೆ ಪೇಂಟು ಗುಳ್ಳೆ ಎದ್ದಿತು. ಟೂಲ್ ರೂಮಿನಲ್ಲಿ ಇಟ್ಟುಕೊಳ್ಳುತ್ತಿದ್ದ ಚಿಕ್ಕ ಅಯಸ್ಕಾಂತ ತೆಗೆದು ಆ ಜಾಗಕ್ಕೆ ಹಿಡಿದೆ. ಅಂಟಲಿಲ್ಲ, ಜಾರಿ ಕೆಳಗೆ ಬಿತ್ತು. ಒಂದು ಗೇಣು ಮೇಲೆ ಹಿಡಿದೆ, ಅಲ್ಲೂ ಅಂಟಲಿಲ್ಲ. ತಗಡೇ ಇರಲಿಲ್ಲ ಅಲ್ಲಿ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದಿದ್ದರು. ಕೊಟ್ಟ ಹಣಕ್ಕಿಂತ ಹೆಚ್ಚಾಗಿ ಮಾವನ ನೆನಪಾಗಿ ಹೊಟ್ಟೆ ಉರಿಯಿತು. ಹಳೆ ಕಾರು ಕೊಳ್ಳಲು ಹೊರಟ ಯಾರೇ ಆಗಲಿ, ಕಿಸೆಯಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ.

ಆಮೇಲೆ ಸಿಕ್ಕವರು ಕುರ್ಲಾದ ಒಬ್ಬ ಡೆಂಟರ್ (ತಗಡು ರಿಪೇರಿಯವರು) ಚಾಚಾ. ಎಪ್ಪತ್ತು ದಾಟಿದೆ. ಕುರ್ಲಾದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳ ಮೇಲೆ ಕೈ ಪಳಗಿಸಿಕೊಂಡವರು. ಅವರು ಪುಟ್ಟಿಯನ್ನೆಲ್ಲ ಕೆರೆದು ತೆಗೆದರು. ತಿಂದುಹೋದ ತಗಡು ಕತ್ತರಿಸಿದರು. 20 ಗೇಜಿನ ಹೊಸ ಶೀಟು ತಂದು, ಮರದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಲ್ಲಿ ಬಡಿದು ಅದೇ ಬಾಗು ತಂದರು. ಅಳತೆಗೆ ಟೇಪು ಹಿಡಿದದ್ದು ನಾನು ನೋಡಲಿಲ್ಲ. ಬಲಗಡೆಯ ಬಾಗನ್ನು ಅಂಗೈಯಲ್ಲಿ ಸವರುವುದು, ಎಡಗಡೆಗೆ ಬಂದು ಅದೇ ಅಂಗೈಯಲ್ಲಿ ಸವರುವುದು, ಎರಡು ಪೆಟ್ಟು, ಮತ್ತೆ ಸವರುವುದು. ಕಣ್ಣು ಮುಚ್ಚಿಕೊಂಡೇ ಸವರುತ್ತಿದ್ದರು. ನಾನು ಮೂವತ್ತೆರಡು ವರ್ಷ ಮೈಕ್ರೋಮೀಟರ್ ಹಿಡಿದವನು. ಅವರ ಕೈಗೆ ನಮಸ್ಕಾರ ಮಾಡಿದೆ. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ಮುಂಬಯಿ ರಸ್ತೆಯಿಂದ ಹೋಯಿತು. ಚಾಚಾ ಬಳಿಗೆ ಬರುವ ಕೆಲಸವೂ ಅದರ ಜೊತೆಗೇ ಹೋಯಿತು. ಅವರ ಮಗ ಈಗ ಬಂಪರ್ ಬದಲಾಯಿಸುವ ಕೆಲಸ ಮಾಡುತ್ತಾನೆ. ಇವತ್ತಿನ ಕಾರಿಗೆ ಅಷ್ಟೇ ಬೇಕಾಗಿರುವುದು. ಹಳೆ ಕಾರುಗಳು ರಸ್ತೆಯಲ್ಲಿದ್ದರೆ ಇಂಥ ಕೈಗಳಿಗೆ ಕೆಲಸ ಇರುತ್ತದೆ, ಅಲ್ವಾ?

ಬಿಡಿಭಾಗಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ಎಲ್ಲವೂ ಹೊರದೇಶದಿಂದ ಬರಬೇಕಿಲ್ಲ. ಮುಂಬಯಿಯ ನಾಗದೇವಿ ಸ್ಟ್ರೀಟಿನ ಅಂಗಡಿಗಳಲ್ಲಿ ಡಾಟ್ಸನ್ ಬೇರಿಂಗ್ ಬೇಕು ಎಂದರೆ ಇಲ್ಲ ಎನ್ನುತ್ತಾರೆ. ಹಳೆ ಬೇರಿಂಗಿನ ಮೇಲೆ ಕೆತ್ತಿದ ನಂಬರ್ ಹೇಳಿದರೆ ಕೂಡಲೇ ತೆಗೆದುಕೊಡುತ್ತಾರೆ. ಒಪೆರಾ ಹೌಸಿನ ಅಂಗಡಿಯೊಂದರಲ್ಲಿ ಬೇರೆ ಗಾಡಿಯ ಆಯಿಲ್ ಸೀಲು ಅಳತೆಗೆ ಸರಿಯಾಗಿ ಕೂತಿತು. ಸಸ್ಪೆನ್ಷನ್ನಿನ ಬುಷ್‌ಗಳ ಒಳಗಿನ ಕಬ್ಬಿಣದ ಕೊಳವೆಗಳನ್ನು ಗೆಳೆಯನ ವರ್ಕ್‌ಶಾಪಿನ ಲೇತಿನಲ್ಲಿ ನಾನೇ ಮಾಡಿದೆ. ಕಿಟಕಿ, ಬಾಗಿಲಿನ ರಬ್ಬರ್ ಬೀಡಿಂಗ್ ಮಾತ್ರ ಅಮೆರಿಕದಿಂದ ತರಿಸಿದೆ. ಈ ಸರಣಿಯ ಕಾರುಗಳು 1978ರವರೆಗೆ ಐದು ಲಕ್ಷಕ್ಕೂ ಜಾಸ್ತಿ ತಯಾರಾಗಿ ಹೆಚ್ಚಿನವು ಅಲ್ಲಿಗೇ ಹೋದವು. ಹಾಗಾಗಿ ಅಲ್ಲಿ ಇನ್ನೂ ಸಾಮಾನು ಸಿಗುತ್ತದೆ. ಆದರೆ ಅಲ್ಲಿನವು ಎಡಗಡೆ ಸ್ಟಿಯರಿಂಗಿನವು. ಡ್ಯಾಶ್‌ಬೋರ್ಡು, ವೈಪರಿನ ಕಡ್ಡಿಗಳು ನಮಗೆ ಹೊಂದುವುದಿಲ್ಲ. ಹಿಂಬಾಗಿಲಿನ ಬೀಡಿಂಗನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಅದು ಸರಿಯಿಲ್ಲದಿದ್ದರೆ ಓಡುವಾಗ ಸೈಲೆನ್ಸರಿನ ಹೊಗೆ ಒಳಗೆ ಸೇದಿಕೊಂಡು ಬರುತ್ತದೆ. ತಲೆನೋವು ಎಂದು ಶುರುವಾಗಿ ಜೀವಕ್ಕೇ ಅಪಾಯ.

ಇನ್ನು ಕಾರ್ಬೊರೇಟರ್. ಇದನ್ನು ಬರೆಯದೆ ಇರಲಾರೆ. ಈ ಕಾರಿಗೆ ಎರಡು ಕಾರ್ಬೊರೇಟರ್, ಒಂದೊಂದಕ್ಕೆ ಮೂರು ಸಿಲಿಂಡರ್. ಎರಡೂ ಸಮವಾಗಿ ಗಾಳಿ ಎಳೆಯಬೇಕು. ಇಲ್ಲದಿದ್ದರೆ ಎಂಜಿನ್ ನಿಂತಲ್ಲೇ ಕುಣಿಯುತ್ತದೆ, ಹೊಗೆ ಬಿಡುತ್ತದೆ, ಪೆಟ್ರೋಲ್ ಕುಡಿಯುತ್ತದೆ. ಹೊಂದಿಸಲು ಮಾವ ಬಳಸುತ್ತಿದ್ದ ಸಾಧನ ಅಡುಗೆ ಗ್ಯಾಸಿನ ರಬ್ಬರ್ ಪೈಪಿನ ಎರಡು ಅಡಿ ತುಂಡು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಏರ್ ಕ್ಲೀನರ್ ಬಿಚ್ಚಬೇಕು. ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಮುಂದಿನ ಕಾರ್ಬೊರೇಟರಿನ ಬಾಯಿಗೆ. ‘ಸ್ಸ್ಸ್’ ಎಂದು ಗಾಳಿ ಎಳೆಯುವ ಸದ್ದು. ಆಮೇಲೆ ಹಿಂದಿನದರ ಬಾಯಿಗೆ. ಅಲ್ಲಿ ಸದ್ದು ಸಣ್ಣದಾದರೆ ಸ್ಕ್ರೂ ಒಂದು ಕೂದಲೆಳೆ ತಿರುಗಿಸಬೇಕು. ಮತ್ತೆ ಮುಂದೆ, ಮತ್ತೆ ಹಿಂದೆ. ಆಮೇಲೆ ಪೆಟ್ರೋಲ್ ಪ್ರಮಾಣ ಹೊಂದಿಸುವ ಕೆಳಗಿನ ನಟ್ಟು. ಅದನ್ನು ಪೂರ್ತಿ ಮೇಲಕ್ಕೆ ತಿರುಗಿಸಿ ಎರಡೂವರೆ ಸುತ್ತು ಕೆಳಗೆ ಬಿಡುವುದು ಮೊದಲ ಲೆಕ್ಕ. ಕಾರ್ಬೊರೇಟರಿನ ಪಿಸ್ಟನ್ನನ್ನು ಉಗುರಿನಷ್ಟು ಎತ್ತಿದಾಗ ಎಂಜಿನ್ ಓಟ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ತೊದಲಿದರೆ ಕಡಿಮೆ. ಚೂರು ಏರಿ ಸಮಕ್ಕೆ ಬಂದರೆ ಸರಿ.

ಮೊದಲ ಸಲ ನನಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಸಂಜೆ ಐದರ ಹೊತ್ತಿಗೆ ಎರಡೂ ಸದ್ದು ಒಂದೇ ಆಯಿತು. ಅಲ್ಲಾಡುತ್ತಿದ್ದ ಬಾನೆಟ್ಟಿನ ಕಂಬಿ ಸ್ತಬ್ಧವಾಯಿತು. ಸೈಲೆನ್ಸರಿನ ಹಿಂದೆ ಬಿಳಿ ಕರವಸ್ತ್ರ ಹಿಡಿದೆ, ಕಪ್ಪು ಕೂರಲಿಲ್ಲ. ಹೊಗೆ ತಪಾಸಣೆಗೆ (ಪಿಯುಸಿ) ಒಯ್ದರೆ ಒಂದೇ ಸಲಕ್ಕೆ ಪಾಸು. ಡೊಂಬಿವಲಿಯ ಓದುಗರು ಹೇಳಿದ ಕರಿಹೊಗೆ ವಯಸ್ಸಿನಿಂದ ಬರುವುದಲ್ಲ, ಆರೈಕೆ ಇಲ್ಲದ್ದರಿಂದ ಬರುವುದು. ಐದು ವರ್ಷದ ಕಾರೂ ಹೊಗೆ ಬಿಡಬಹುದು. ಹೊಗೆ ಅಳೆಯುವ ಯಂತ್ರ ಇರುವಾಗ ವಯಸ್ಸು ಎಣಿಸಿ ಗುಜರಿಗೆ ಕಳಿಸುವುದು ಯಾಕೆ?

ಈಗ ಈ ಪತ್ರ ಬರೆಯಲು ನಿಜವಾದ ಕಾರಣ. ಕಾಗದಪತ್ರ ಸರಿ ಮಾಡಿಸಿ ನನ್ನ ಕಾರು 2021ರಲ್ಲಿ ಮತ್ತೆ ರಸ್ತೆಗಿಳಿಯಿತು. ಐದು ವರ್ಷಕ್ಕೆ ನೋಂದಣಿ ನವೀಕರಣ ಆಗಬೇಕು. ಆ ದಿನ ಈಗ ಹತ್ತಿರ ಬಂದಿದೆ. ಆಮದು ಕಾರಿನ ನವೀಕರಣ ಶುಲ್ಕವನ್ನು ಕೇಂದ್ರ ಸರಕಾರ 2022ರ ಏಪ್ರಿಲ್‌ನಿಂದ 40,000 ರೂಪಾಯಿ ಮಾಡಿತ್ತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಆಮದು ಕಾರಿಗೆ 80,000 ಮಾಡಿದೆ. ಇಲ್ಲೇ ತಯಾರಾದ ಅಷ್ಟೇ ಹಳೆಯ ಕಾರಿಗೆ 10,000. ಪಿಂಚಣಿಯ ಮೇಲೆ ಬದುಕುವ ನನ್ನಂಥವನಿಗೆ 80,000 ದೊಡ್ಡ ಮೊತ್ತ. ಆದರೂ ಕಟ್ಟಿಯೇನು.

ಇನ್ನೊಂದು ದಾರಿಯೂ ಇದೆ. 2021ರ ಜುಲೈಯಲ್ಲಿ ಬಂದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ. ಹತ್ತು ವರ್ಷ ನಡೆಯುತ್ತದೆ. ಮುಂದೆ ನವೀಕರಣಕ್ಕೆ 5,000. ಹೊಸದಾಗಿ ನೋಂದಣಿಯಾಗುವವಕ್ಕೆ ‘ವಿಎ’ ಎಂಬ ಅಕ್ಷರಗಳ ನಂಬರು. ಮೊದಲೇ ನೋಂದಣಿ ಇದ್ದರೆ ಹಳೆ ನಂಬರೇ ಉಳಿಯುತ್ತದೆ. ಹಳೆ ಕಾರುಗಳಿಗೆ ಕಾನೂನಿನಲ್ಲಿ ಒಂದು ಜಾಗ ಕೊಟ್ಟದ್ದು ಒಳ್ಳೆಯ ಕೆಲಸ. ಅದಕ್ಕೆ ಸರಕಾರಕ್ಕೆ ಧನ್ಯವಾದ ಹೇಳುತ್ತೇನೆ.

ತೊಡಕು ಇರುವುದು ಓಡಾಟದಲ್ಲಿ. ವಿಂಟೇಜ್ ಕಾರನ್ನು ಪ್ರದರ್ಶನಕ್ಕೆ, ತಾಂತ್ರಿಕ ಸಂಶೋಧನೆಗೆ, ವಿಂಟೇಜ್ ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲು ಮತ್ತು ನಿರ್ವಹಣೆಗೆ ಮಾತ್ರ ರಸ್ತೆಗೆ ತರಬಹುದು. ದಿನನಿತ್ಯದ ಓಡಾಟ ಬೇಡ ಎನ್ನುವುದನ್ನು ಒಪ್ಪುತ್ತೇನೆ. ಈ ಕಾರಿನಲ್ಲಿ ಯಾರೂ ಆಫೀಸಿಗೆ ಹೋಗುವುದಿಲ್ಲ. ಆದರೆ ಭಾನುವಾರ ಬೆಳಗ್ಗೆ ಅರ್ಧ ಗಂಟೆ ಓಡಿಸುವುದು ಈ ಪಟ್ಟಿಯಲ್ಲಿ ಎಲ್ಲಿ ಬರುತ್ತದೆ? ರ‍್ಯಾಲಿ ವರ್ಷಕ್ಕೆ ಒಂದೋ ಎರಡೋ. ಉಳಿದ ಐವತ್ತು ವಾರ ಕಾರು ನಿಲ್ಲಬೇಕಾ? ನಿಂತರೆ ಏನಾಗುತ್ತದೆ ಎಂದು ಮೇಲೆ ಬರೆದಿದ್ದೇನೆ.

ಈಗಂತೂ ನಿಲ್ಲಿಸುವುದು ಮೊದಲಿಗಿಂತ ಕೆಟ್ಟದ್ದು. ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20 ಎಥನಾಲ್ ಇದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಮುಂಬಯಿಯ ಜುಲೈ ಗಾಳಿ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಪೆಟ್ರೋಲ್ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತರೆ ನೀರು ಮತ್ತು ಎಥನಾಲ್ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಅಲ್ಲಿಂದ ತುಕ್ಕು ಶುರು. ಹಳೆಯ ರಬ್ಬರ್ ಪೈಪು ಉಬ್ಬಿ ಬಿರಿಯುತ್ತದೆ. ನಾನು ಪೆಟ್ರೋಲ್ ಹಾಯುವ ಪೈಪು, ಗ್ಯಾಸ್ಕೆಟ್ಟುಗಳನ್ನೆಲ್ಲ ಎಥನಾಲ್ ತಡೆಯುವಂಥವಕ್ಕೆ ಬದಲಾಯಿಸಿದ್ದೇನೆ. ಟ್ಯಾಂಕಿನಲ್ಲಿ ಹತ್ತು ಲೀಟರಿಗಿಂತ ಜಾಸ್ತಿ ಇಡುವುದಿಲ್ಲ. ವಾರ ವಾರ ಓಡಿಸಿ ಖರ್ಚು ಮಾಡುತ್ತೇನೆ. ಇದಕ್ಕಿಂತ ಸುಲಭದ ಉಪಾಯ ನನಗೆ ಕಂಡಿಲ್ಲ.

ನನ್ನ ಕೇಳಿಕೆ ಇಷ್ಟೇ. ನಿಯಮದಲ್ಲಿ ‘ನಿರ್ವಹಣೆ’ ಎಂಬ ಪದ ಈಗಾಗಲೇ ಇದೆ. ಹಳೆ ಕಾರನ್ನು ಆಗಾಗ ಓಡಿಸುವುದೂ ನಿರ್ವಹಣೆಯೇ ಎಂದು ಒಂದು ಸಾಲು ಸೇರಿಸಲಿ. ಮಿತಿ ಬೇಕೆಂದರೆ ಹಾಕಲಿ. ತಿಂಗಳಿಗೆ ಇನ್ನೂರು ಕಿಲೋಮೀಟರ್ ಎನ್ನಲಿ, ಭಾನುವಾರ ಮತ್ತು ರಜಾದಿನ ಬೆಳಗ್ಗೆ ಹತ್ತರೊಳಗೆ ಎನ್ನಲಿ, ಲಾಗ್‌ಬುಕ್ ಬರೆದಿಡಿ ಎನ್ನಲಿ. ಎಲ್ಲ ಮಾಡುತ್ತೇವೆ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆಯೇ ಇಲ್ಲ. ಜರ್ಮನಿಯಲ್ಲಿ 30 ವರ್ಷ ದಾಟಿ ಮೂಲ ರೂಪದಲ್ಲಿದ್ದರೆ ನಂಬರಿನ ಕೊನೆಗೆ ಒಂದು ಅಕ್ಷರ ಸೇರಿಸಿ ಓಡಿಸಲು ಬಿಡುತ್ತಾರೆ. ಅಲ್ಲಿಯೂ ಹೊಗೆಯ ಚಿಂತೆ ನಮಗಿಂತ ಕಡಿಮೆ ಇಲ್ಲ.

ಇನ್ನೂ ಒಂದು ಸ್ಪಷ್ಟನೆ ಬೇಕು. ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಮಾಡಿದ್ದರೆ ವಿಂಟೇಜ್ ಎನ್ನುವುದಿಲ್ಲ ಎಂದು ನಿಯಮ ಹೇಳುತ್ತದೆ. ಹೊಸ ಎಂಜಿನ್ ಕೂರಿಸಿದವರನ್ನು ಹೊರಗಿಡುವುದು ಸರಿ. ಆದರೆ ತುಕ್ಕು ತಿಂದ ತಗಡಿನ ಜಾಗಕ್ಕೆ ಅದೇ ಆಕಾರದ ತಗಡು ಹಾಕುವುದು, ಅದೇ ಎಂಜಿನ್ನಿಗೆ ಅರ್ಧ ಮಿಲಿಮೀಟರ್ ಬೋರ್ ಮಾಡಿಸುವುದು ರಿಪೇರಿಯೇ ಹೊರತು ಬದಲಾವಣೆ ಅಲ್ಲ. ಅದನ್ನೂ ಬರೆದುಬಿಟ್ಟರೆ ಪರೀಕ್ಷೆ ಮಾಡುವ ಅಧಿಕಾರಿಗೂ ಅನುಕೂಲ. ಚಾಚಾ ಕತ್ತರಿಸಿದ ಹಳೆ ತಗಡಿನ ತುಂಡುಗಳನ್ನು ಶೆಡ್ಡಿನಲ್ಲಿ ಗೋಣಿಚೀಲದಲ್ಲಿ ಇಟ್ಟಿದ್ದೇನೆ. ಕೇಳಿದರೆ ತೋರಿಸಲು ಸಿದ್ಧ.

ನಾನು ಭಾನುವಾರ ಬೆಳಗ್ಗೆ ಐದೂವರೆಗೆ ಚೆಂಬೂರಿನಿಂದ ಈಸ್ಟರ್ನ್ ಫ್ರೀವೇ ಹತ್ತುತ್ತೇನೆ. ಎಡಗಡೆ ಬಂದರಿನ ಕ್ರೇನುಗಳು ಕಾಣುತ್ತವೆ. 1978ರಲ್ಲಿ ಈ ಕಾರು ಇಳಿದದ್ದು ಆ ಬಂದರಿನಲ್ಲೇ. ಮರಳುವಾಗ ಮಾಟುಂಗದಲ್ಲಿ ನಿಲ್ಲಿಸಿ ಅತ್ತೆಗೆ ಇಡ್ಲಿ ಕಟ್ಟಿಸಿಕೊಂಡು ಬರುತ್ತೇನೆ. ಅತ್ತೆಗೆ ಈಗ ಎಂಬತ್ತೆಂಟು. ಕಾರು ಗಲ್ಲಿಗೆ ತಿರುಗುವ ಮೊದಲೇ ಸದ್ದು ಕೇಳಿ ಚಿಲಕ ತೆಗೆದಿಟ್ಟಿರುತ್ತಾರೆ.

ಎರಡೂ ಅರ್ಜಿಗಳು ಈಗ ಮೇಜಿನ ಮೇಲಿವೆ. 80,000 ಕಟ್ಟಿ ಓಡಿಸುವುದಾ, 20,000 ಕಟ್ಟಿ ನಿಲ್ಲಿಸುವುದಾ ಎಂದು ಈ ತಿಂಗಳ ಕೊನೆಯೊಳಗೆ ತೀರ್ಮಾನಿಸಬೇಕು. ನಿಮ್ಮ ಓದುಗರಲ್ಲಿ ಯಾರಾದರೂ ಮಹಾರಾಷ್ಟ್ರದಲ್ಲೋ ಗೋವಾದಲ್ಲೋ ಕರ್ನಾಟಕದಲ್ಲೋ ಕಾರನ್ನು ವಿಂಟೇಜ್ ಎಂದು ನೋಂದಾಯಿಸಿಕೊಂಡಿದ್ದರೆ, ಭಾನುವಾರ ಹೊರಗೆ ತೆಗೆದಾಗ ಪೊಲೀಸರು ತಡೆದರೆ ಏನು ತೋರಿಸುತ್ತೀರಿ ಎಂದು ದಯವಿಟ್ಟು ಇದೇ ಅಂಕಣಕ್ಕೆ ಬರೆಯಿರಿ.

ಇಂತಿ,
ನಿಮ್ಮ ಹಳೆಯ ಓದುಗ,
ಚೆಂಬೂರು, ಮುಂಬಯಿ